ಅಂಕಿಯಾಗದ ಶಕವರ್ಷಗಳು: ಒಂದು ವೀರಗಲ್ಲು ಪಟ್ಟಿ ಕಲಿಸಿದ ಪಾಠ

ಶಿಕಾರಿಪುರ, ಸೊರಬ ಸೀಮೆಯ ಕೆಲವು ಹೋಬಳಿಗಳಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ತಿರುಗಾಡಿ, ವೀರಗಲ್ಲುಗಳ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಮೊದಲು ನೋಟ್‌ಬುಕ್ಕಿನಲ್ಲಿತ್ತು, ಆಮೇಲೆ ಎಕ್ಸೆಲ್‌ಗೆ ಬಂತು, ಕೊನೆಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿಗೆ ಸೇರಿತು. ಒಂದು ವಿಚಾರ ಸಂಕಿರಣಕ್ಕೆ ಲೇಖನ ಬರೆಯುವಾಗ ಈ ಡೇಟಾಬೇಸನ್ನು ಒಂದು ಸರಳ ಪ್ರಶ್ನೆ ಕೇಳಿದೆ: ವಿಜಯನಗರ ಸ್ಥಾಪನೆಯಾದ ಕ್ರಿ.ಶ. 1336ರ ನಂತರದ, ಅಂದರೆ ಶಕ 1258 ಮತ್ತು ಅದರಾಚೆಗಿನ ವೀರಗಲ್ಲುಗಳು ಎಷ್ಟು? ಬಂದ ಉತ್ತರ ನೋಡಿ ಖುಷಿಯಾಯ್ತು. ಪಟ್ಟಿ ಉದ್ದವಾಗಿತ್ತು. ಹೊಯ್ಸಳರ ಪತನದ ನಂತರ ಈ ಭಾಗದಲ್ಲಿ ತುರುಗೊಳ್, ಊರಳಿವುಗಳು ಹೆಚ್ಚಿದವು ಎಂದು ಎರಡು ಪುಟ ಬರೆದೇಬಿಟ್ಟೆ.

ಕರಡನ್ನು ನನಗೆ ಹಳೆಯ ಲಿಪಿ ಓದಲು ಕಲಿಸಿದ ಮೇಷ್ಟ್ರಿಗೆ ಕಳಿಸಿದೆ. ಎರಡನೇ ದಿನ ಫೋನ್ ಬಂತು.

"ಬರವಣಿಗೆ ಚೆನ್ನಾಗಿದೆ ಕಣಯ್ಯಾ. ಆದ್ರೆ ನಮ್ಮೂರ ಕೆರೆ ಏರಿ ಮೇಲಿನ ಕಲ್ಲನ್ನ ವಿಜಯನಗರದ ಪಟ್ಟಿಗೆ ಯಾಕೆ ಸೇರಿಸಿದೀಯ? ಅದು ರಾಷ್ಟ್ರಕೂಟ ಕನ್ನರದೇವನ ಕಾಲದ್ದು. ನಾವಿಬ್ರೂ ಕೂತು ಓದಿದ್ದಲ್ವಾ?"

ಹೌದು, ನಾವಿಬ್ಬರೂ ಕೂತು ಓದಿದ್ದು. ಗಸಿ ತೊಳೆದು, ಸುಣ್ಣದ ಪುಡಿ ಬಳಿದು, ಸಂಜೆಯ ಓರೆ ಬಿಸಿಲಿಗೆ ಕಾದು ಓದಿದ್ದು. ಅದು ವಿಜಯನಗರಕ್ಕೆ ಹೋಗಿದ್ದು ಹೇಗೆ?

ಕಾಲಂನಲ್ಲಿ ಏನಿದೆ ಎಂದು ಮೊದಲು ಕೇಳಬೇಕು

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೆ ಕ್ವೆರಿ ತೋರಿಸಿದೆ. ಕ್ವೆರಿಯಲ್ಲಿ ತಪ್ಪಿಲ್ಲ ಎಂದ. "ಮಾಮ, ಎಷ್ಟು ಕಲ್ಲು ಅಂತ ಆಮೇಲೆ ಕೇಳಿ. ಆ ಕಾಲಂನಲ್ಲಿ ಯಾವ್ಯಾವ ಟೈಪು ಕೂತಿದೆ ಅಂತ ಮೊದ್ಲು ಕೇಳಿ" ಎಂದ. ಎಸ್‌ಕ್ಯೂಲೈಟ್‌ನಲ್ಲಿ ಅದಕ್ಕೆ 'ಟೈಪ್‌ಆಫ್' ಎಂಬ ಫಂಕ್ಷನ್ ಇದೆ. ಶಕವರ್ಷದ ಕಾಲಂ ಮೇಲೆ ಅದನ್ನು ಹಾಕಿ, ಗುಂಪು ಮಾಡಿ ಎಣಿಸಿದೆ. ಪೂರ್ಣಾಂಕ ಎಂದು ಹೆಸರಿಟ್ಟಿದ್ದ ಕಾಲಂನಲ್ಲಿ ಎರಡು ಗುಂಪು ಬಂತು: ಒಂದು ಪೂರ್ಣಾಂಕ, ಇನ್ನೊಂದು ಪಠ್ಯ.

ಇಲ್ಲಿ ಎಸ್‌ಕ್ಯೂಲೈಟ್‌ನ ಒಂದು ಗುಣ ತಿಳಿದಿರಬೇಕು. ಕಾಲಂಗೆ ನಾವು ಪೂರ್ಣಾಂಕ ಎಂದು ಹೆಸರಿಟ್ಟರೂ ಅದು ಕಟ್ಟುನಿಟ್ಟಿನ ಕಾವಲುಗಾರನಲ್ಲ. ಬಂದ ಬೆಲೆಯನ್ನು ಅಂಕಿ ಮಾಡಲು ಪ್ರಯತ್ನಿಸುತ್ತದೆ. ಆಗದಿದ್ದರೆ ಗಲಾಟೆ ಮಾಡದೆ ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ಹೋಲಿಸುವಾಗ ಅದರ ನಿಯಮ ಇದು: ಪಠ್ಯವಾಗಿ ಕೂತ ಯಾವುದೇ ಬೆಲೆ, ಎಷ್ಟೇ ದೊಡ್ಡ ಅಂಕಿಗಿಂತಲೂ ದೊಡ್ಡದು. ಮೇಷ್ಟ್ರ ಊರಿನ ಕಲ್ಲಿಗೆ ನಾನು ಶಕವರ್ಷದ ಮನೆಯಲ್ಲಿ 'ಕನ್ನರದೇವನ ಆಳ್ವಿಕೆ' ಎಂದು ಬರೆದಿದ್ದೆ. ಅದು ಪಠ್ಯ. ಆದ್ದರಿಂದ 1258ಕ್ಕಿಂತ ದೊಡ್ಡದು. ಹತ್ತನೆಯ ಶತಮಾನದ ಆಸುಪಾಸಿನ ವೀರ ಹಾಗೆ ಹರಿಹರ ಬುಕ್ಕರ ಕಾಲಕ್ಕೆ ಬಂದ. ಏನೂ ಬರೆಯದೆ ಬಿಟ್ಟ ಮನೆಗಳೂ ಬಂದಿದ್ದವು. ಎಕ್ಸೆಲ್‌ನಿಂದ ತರುವಾಗ ಖಾಲಿ ಮನೆಗಳು 'ನಲ್' ಆಗದೆ, ಅಕ್ಷರವೇ ಇಲ್ಲದ ಪಠ್ಯವಾಗಿ ಕೂತಿದ್ದವು. ಅವೂ 1258ಕ್ಕಿಂತ ದೊಡ್ಡವೇ!

ಪಠ್ಯವಾಗಿ ಕೂತವರು ಯಾರ್ಯಾರು?

ಆ ಪಠ್ಯದ ಗುಂಪನ್ನು ಬಿಡಿಸಿ ನೋಡಿದಾಗ ಅದು ಬರೀ ಕಂಪ್ಯೂಟರಿನ ಸಮಸ್ಯೆ ಅನ್ನಿಸಲಿಲ್ಲ. ಶಾಸನಗಳು ಕಾಲವನ್ನು ಹೇಳುವ ಬಗೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು.

ಮೊದಲನೆಯದು ಕನ್ನಡ ಅಂಕಿ. ಕೆಲವು ಸಾಲುಗಳನ್ನು ನಾನು 1039 ಎಂದು ಟೈಪ್ ಮಾಡಿದ್ದರೆ ಕೆಲವನ್ನು ೧೦೩೯ ಎಂದು ಮಾಡಿದ್ದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಡೇಟಾಬೇಸಿಗೆ ಎರಡನೆಯದು ಬರೀ ಅಕ್ಷರ. ಇದನ್ನು ಬದಲಾಯಿಸುವುದು ಸುಲಭ, ಹತ್ತು ಅಂಕಿಗೆ ಹತ್ತು ಅಂಕಿ. ಬದಲಾಯಿಸಿದ ಮೇಲೂ ಹಲವು ಸಾಲುಗಳು ಹಟ ಹಿಡಿದು ಪಠ್ಯವಾಗಿಯೇ ಉಳಿದವು. ತುಂಬಾ ಹೊತ್ತು ನೋಡಿದ ಮೇಲೆ ಗೊತ್ತಾಯ್ತು: ಟೈಪ್ ಮಾಡುವಾಗ ಅಂಕಿಯ ಸೊನ್ನೆಯ (೦) ಬದಲು ಅನುಸ್ವಾರದ ಸೊನ್ನೆ (ಂ) ಒತ್ತಿದ್ದೆ. ಕನ್ನಡದಲ್ಲಿ ಎರಡಕ್ಕೂ ಸೊನ್ನೆ ಎಂದೇ ಹೆಸರು, ನೋಡಲೂ ಒಂದೇ ಥರ. ಯೂನಿಕೋಡ್‌ನಲ್ಲಿ ಮಾತ್ರ ಅವು ಬೇರೆ ಬೇರೆ ಸಂಕೇತಗಳು. ನಿಮ್ಮ ಪಟ್ಟಿಯಲ್ಲಿ ಕನ್ನಡ ಅಂಕಿ ಇದ್ದರೆ ಇದನ್ನು ಇವತ್ತೇ ಹುಡುಕಿ ನೋಡಿ.

ಎರಡನೆಯದು ಬೇರೆ ಬೇರೆ ಗಣನೆಗಳು. ರವಿಕೀರ್ತಿಯ ಐಹೊಳೆ ಶಾಸನ ಭಾರತ ಯುದ್ಧದಿಂದ 3735 ವರ್ಷ, ಶಕರಾಜರ 556 ವರ್ಷ ಕಳೆದಿವೆ ಎಂದು ಎರಡೆರಡು ಲೆಕ್ಕ ಕೊಡುತ್ತದೆ. ಎರಡೂ ಕ್ರಿ.ಶ. 634ಕ್ಕೇ ಬಂದು ನಿಲ್ಲುತ್ತವೆ. ಇದನ್ನು ಒಂದೇ ಮನೆಯಲ್ಲಿ '3735 / 556' ಎಂದು ಬರೆದರೆ ಅದು ಪಠ್ಯ. ಬರೀ 3735 ಎಂದು ಬರೆದರೆ ಅಂಕಿಯೇನೋ ಆಗುತ್ತದೆ, ಆದರೆ 78 ಕೂಡಿಸುವ ಕ್ವೆರಿ ಅದನ್ನು ಕ್ರಿ.ಶ. 3813ಕ್ಕೆ ಒಯ್ಯುತ್ತದೆ.

ಚಾಳುಕ್ಯ ವಿಕ್ರಮ ವರ್ಷ ಇನ್ನೂ ಮೋಸದ್ದು, ಯಾಕೆಂದರೆ ಅದು ಟೈಪ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ರಿಂದ ಈ ಗಣನೆ ಶುರು. ಅದರ 37ನೆಯ ವರ್ಷ ಎಂದರೆ ನಂದನ ಸಂವತ್ಸರ, ಕ್ರಿ.ಶ. 1112. ಶಕದ ಕಾಲಂನಲ್ಲಿ ಬರೀ 37 ಎಂದು ಕೂರಿಸಿದರೆ ಅದು ಕ್ರಿ.ಶ. 115 ಆಗಿ ಶಾತವಾಹನರ ಪಕ್ಕ ಹೋಗಿ ಕೂರುತ್ತದೆ. ನಮ್ಮ ಸೀಮೆಯಲ್ಲಿ ಚಾಳುಕ್ಯ ವಿಕ್ರಮ ವರ್ಷದ ಶಾಸನಗಳು ಬೇಕಾದಷ್ಟಿವೆ. ಟೈಪ್ ಸರಿಯಿದ್ದರೆ ಅರ್ಥವೂ ಸರಿಯಿದೆ ಎಂದೇನಿಲ್ಲ.

ಮೂರನೆಯದು ಮಾತಿನಲ್ಲಿ ಬರೆದ ವರ್ಷ. ಬಾದಾಮಿಯ ಮೂರನೆಯ ಗುಹೆಯ ಮಂಗಳೇಶನ ಶಾಸನ ಶಕ 500 ಎಂಬುದನ್ನು ಅಂಕಿಯಲ್ಲಿ ಹೇಳುವುದಿಲ್ಲ, ಮಾತಿನಲ್ಲಿ ಹೇಳುತ್ತದೆ. ಜೊತೆಗೆ ಅದು ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ ಎನ್ನುತ್ತದೆ. ಕ್ರಿ.ಶ. 578. ಇನ್ನು ಕೆಲವು ಶಾಸನಗಳಲ್ಲಿ ಭೂತಸಂಖ್ಯೆ ಬರುತ್ತದೆ: ಗಗನ ಎಂದರೆ ಸೊನ್ನೆ, ಶಶಿ ಎಂದರೆ ಒಂದು, ಬಾಣ ಎಂದರೆ ಐದು, ರಸ ಎಂದರೆ ಆರು; ಓದಬೇಕಾದ್ದು ಬಲದಿಂದ ಎಡಕ್ಕೆ. ಇದನ್ನು ಅಂಕಿ ಮಾಡುವವನು ಓದುಗ. ಕಲ್ಲಿನ ಮೇಲೆ ಇರುವುದು ಮಾತು.

ನಾಲ್ಕನೆಯದು, ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು, 'ಸು.' ಮತ್ತು '?'. ಹಲ್ಮಿಡಿ ಶಾಸನದಲ್ಲಿ ವರ್ಷವೇ ಇಲ್ಲ. ಸುಮಾರು 450 ಎನ್ನುವುದು ವಿದ್ವಾಂಸರು ಲಿಪಿ, ಭಾಷೆ, ಅದರಲ್ಲಿ ಬರುವ ಅರಸರ ಹೆಸರು ನೋಡಿ ಕಟ್ಟಿದ ಅಂದಾಜು. ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳನ್ನು ತೆರೆದು ನೋಡಿ. ಬಿ.ಎಲ್. ರೈಸ್ ಅವರು ಅನುವಾದದ ತಲೆಯ ಮೇಲೆ ಕಾಲ ಹಾಕುತ್ತಾರೆ. ಖಚಿತವಿದ್ದರೆ ಬರೀ ಇಸವಿ. ಇಲ್ಲದಿದ್ದರೆ 'ಸುಮಾರು' ಎನ್ನುವ ಮಾತು, ಅನುಮಾನವಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾದ ಆ ಸಂಪುಟಗಳಲ್ಲಿ ಆ ಪುಟ್ಟ ಚಿಹ್ನೆ ಒಬ್ಬ ವಿದ್ವಾಂಸನ ಪ್ರಾಮಾಣಿಕತೆ. ಪೂರ್ಣಾಂಕದ ಕಾಲಂನಲ್ಲಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಎರಡೇ ದಾರಿ: ಚಿಹ್ನೆ ಉಳಿಸಿಕೊಂಡರೆ ಅಂಕಿ ಪಠ್ಯವಾಗುತ್ತದೆ, ಚಿಹ್ನೆ ಕಿತ್ತರೆ ಅನುಮಾನವೇ ಮಾಯವಾಗುತ್ತದೆ.

ಮೊದಲ ರಿಪೇರಿ ಇನ್ನೂ ಕೆಟ್ಟದಾಯ್ತು

ಅವಸರದಲ್ಲಿ ನಾನು ಮಾಡಿದ ಮೊದಲ ರಿಪೇರಿಯನ್ನೂ ಹೇಳಿಬಿಡುತ್ತೇನೆ, ನೀವು ಮಾಡಬಾರದು ಅಂತ. ಇಡೀ ಕಾಲಂ ಅನ್ನು 'ಕಾಸ್ಟ್' ಬಳಸಿ ಬಲವಂತವಾಗಿ ಪೂರ್ಣಾಂಕ ಮಾಡಿದೆ. ತಪ್ಪು ಸಂದೇಶ ಒಂದೂ ಬರಲಿಲ್ಲ. '1039 ಹೇಮಲಂಬಿ' ಎಂಬುದು 1039 ಆಯ್ತು, ಸರಿ. ಆದರೆ 'ಸು. 450' ಸೊನ್ನೆ ಆಯ್ತು. ಕನ್ನಡ ಅಂಕಿಯವು ಸೊನ್ನೆ. ಖಾಲಿ ಮನೆಗಳು ಸೊನ್ನೆ. 'ಕನ್ನರದೇವನ ಆಳ್ವಿಕೆ' ಕೂಡ ಸೊನ್ನೆ. ಶಕ ಸೊನ್ನೆ ಎಂದರೆ ಕ್ರಿ.ಶ. 78. ಮೇಷ್ಟ್ರ ಊರಿನ ವೀರ ವಿಜಯನಗರದಿಂದ ಹೊರಟು, ಕನ್ನಡದಲ್ಲಿ ಒಂದೂ ಶಾಸನ ಸಿಗದ ಕಾಲಕ್ಕೆ ಹೋಗಿ ನಿಂತ.

ಸೊನ್ನೆ ಬೇರೆ, ಖಾಲಿ ಬೇರೆ, ಗೊತ್ತಿಲ್ಲ ಎನ್ನುವುದು ಬೇರೆ. ಗೊತ್ತಿಲ್ಲದ್ದಕ್ಕೆ ಡೇಟಾಬೇಸಿನಲ್ಲಿ 'ನಲ್' ಇದೆ. ನಲ್ ಇರುವ ಸಾಲು 1258ಕ್ಕಿಂತ ಹಿಂದಿನವು ಎಂದು ಕೇಳಿದಾಗಲೂ ಬರುವುದಿಲ್ಲ, ಮುಂದಿನವು ಎಂದು ಕೇಳಿದಾಗಲೂ ಬರುವುದಿಲ್ಲ. ಗೊತ್ತಿಲ್ಲದ್ದು ನಡೆದುಕೊಳ್ಳಬೇಕಾದ್ದೇ ಹಾಗೆ. ಆದರೆ ಎರಡೂ ಪಟ್ಟಿಯಿಂದ ಎಷ್ಟು ಹೊರಗುಳಿದವು ಎಂಬುದನ್ನು ನಾವೇ ಬೇರೆಯಾಗಿ ಎಣಿಸಿ ಹೇಳಬೇಕು.

ಬೇರೆ ಡೇಟಾಬೇಸುಗಳ ನಡತೆಯೂ ಬೇರೆ ಬೇರೆ. ಮೈಎಸ್‌ಕ್ಯೂಎಲ್ ಪಠ್ಯವನ್ನು ಅಂಕಿಯ ಜೊತೆ ಹೋಲಿಸುವಾಗ ಅದರ ತಲೆಯಲ್ಲಿರುವ ಅಂಕಿಯನ್ನಷ್ಟೇ ಎತ್ತಿಕೊಳ್ಳುತ್ತದೆ. ಅಂಕಿ ಇಲ್ಲದಿದ್ದರೆ ಸೊನ್ನೆ ಎಂದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಮಾತ್ರ ಖಡಾಖಂಡಿತ. ಪಠ್ಯದ ಕಾಲಂ ಅನ್ನು ಅಂಕಿಯ ಜೊತೆ ಹೋಲಿಸಿದರೆ ಆಗುವುದಿಲ್ಲ ಎಂದು ಕೆಲಸ ನಿಲ್ಲಿಸುತ್ತದೆ; ಪೂರ್ಣಾಂಕದ ಕಾಲಂಗೆ 'ಸು. 450' ತುಂಬಲು ಹೋದರೆ ಆ ಬೆಲೆಯನ್ನೇ ತೋರಿಸಿ ವಾಪಸ್ ಕಳಿಸುತ್ತದೆ. ಮೊದಲೆಲ್ಲ ಅದರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಹಾಗಿಲ್ಲ. ಎಸ್‌ಕ್ಯೂಲೈಟ್‌ಗೂ 2021ರಲ್ಲಿ 'ಸ್ಟ್ರಿಕ್ಟ್' ಎಂಬ ಬಗೆಯ ಟೇಬಲ್ ಬಂದಿದೆ. ಹೊಸದಾಗಿ ಶುರು ಮಾಡುವವರು ಅದನ್ನೇ ಬಳಸಿ.

ಹಾಗಾದರೆ ಎಲ್ಲವನ್ನೂ ಪಠ್ಯವಾಗಿಯೇ ಇಟ್ಟುಬಿಡೋಣ ಎಂದರೆ ಅದೂ ಆಗದು. ಪಠ್ಯ ನಿಘಂಟಿನ ಕ್ರಮದಲ್ಲಿ ಜೋಡಣೆಯಾಗುತ್ತದೆ. ಮೊದಲ ಅಕ್ಷರ 1 ಆದ್ದರಿಂದ 1039 ಮುಂದೆ, 5 ಆದ್ದರಿಂದ 556 ಹಿಂದೆ. ಬೇಲೂರಿನ ದೇವಾಲಯ ಕಟ್ಟಿದ ಮೇಲೆ ಐಹೊಳೆಯ ಮೇಗುತಿ ಕಟ್ಟಿದಂತೆ ಆಗುತ್ತದೆ.

ಎಕ್ಸೆಲ್ ಬಗ್ಗೆಯೂ ಒಂದು ಮಾತು. ಐದನೆಯ ಸಂಪುಟದ 12ನೆಯ ಶಾಸನ ಎಂದು ನೆನಪಿಗೆ '5-12' ಎಂದು ಬರೆದರೆ ಅದು ದಿನಾಂಕವಾಗಿಬಿಡುತ್ತದೆ. ಶಾಸನದ ಸಂಖ್ಯೆ ಹೋಗಿ ಡಿಸೆಂಬರ್ 5 ಅಥವಾ ಮೇ 12 ಉಳಿಯುತ್ತದೆ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಕೆಲವು ಜೀನ್‌ಗಳ ಹೆಸರುಗಳು ಹೀಗೇ ತಾರೀಖಾಗುತ್ತಿದ್ದುದರಿಂದ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ಶಾಸನಸಂಖ್ಯೆಯ ಕಾಲಂ ಅನ್ನು ತುಂಬುವ ಮೊದಲೇ ಪಠ್ಯ ಎಂದು ಗುರುತು ಮಾಡಿಡಿ. ಆಮೇಲೆ ಮಾಡಿದರೆ ಮೂಲ ಸಂಖ್ಯೆ ವಾಪಸ್ ಬರುವುದಿಲ್ಲ.

ಕಲ್ಲಿನ ಮಾತು ಒಂದು ಕಡೆ, ನಮ್ಮ ಲೆಕ್ಕ ಇನ್ನೊಂದು ಕಡೆ

ಕೊನೆಗೆ ಮಾಡಿದ್ದು ಇಷ್ಟು. ಒಂದು ಕಾಲಂ ಇದ್ದ ಕಡೆ ಕೆಲವು ಕಾಲಂ ಮಾಡಿದೆ. ಮೊದಲನೆಯದು ಶಾಸನೋಕ್ತ ಕಾಲ. ಅದು ಪಠ್ಯ, ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ, ತಪ್ಪಿದ್ದರೆ ತಪ್ಪಿನ ಸಮೇತ. ಅದನ್ನು ಯಾವ ಕಾರಣಕ್ಕೂ ತಿದ್ದುವುದಿಲ್ಲ. ಎರಡನೆಯದು ಗಣನೆಯ ಬಗೆ: ಶಕ, ಕಲಿ, ಚಾಳುಕ್ಯ ವಿಕ್ರಮ, ಆಳ್ವಿಕೆಯ ವರ್ಷ, ಅಥವಾ ಇಲ್ಲ. ಮೂರನೆಯದು ವರ್ಷದ ಅಂಕಿ, ಪೂರ್ಣಾಂಕ ಅಥವಾ ನಲ್. ನಾಲ್ಕನೆಯದು ಸಂವತ್ಸರ, 1ರಿಂದ 60ರೊಳಗಿನ ಅಂಕಿ. ಆಮೇಲೆ ಕ್ರಿ.ಶ. ಆರಂಭ, ಕ್ರಿ.ಶ. ಅಂತ್ಯ ಎಂದು ಎರಡು ಪೂರ್ಣಾಂಕಗಳು. ಕೊನೆಯದು ಆಧಾರ: ಕಲ್ಲಿನಲ್ಲೇ ಇದೆಯೋ, ಅರಸನ ಹೆಸರಿನಿಂದಲೋ, ಲಿಪಿಯಿಂದಲೋ.

ಎರಡು ಇಸವಿ ಯಾಕೆ ಎಂದು ಕೇಳಬಹುದು. ಮೇಷ್ಟ್ರ ಊರಿನ ಕಲ್ಲನ್ನೇ ತಗೊಳ್ಳಿ. ರಾಷ್ಟ್ರಕೂಟರಲ್ಲಿ ಎರಡನೆಯ ಕೃಷ್ಣನಿಗೂ ಮೂರನೆಯ ಕೃಷ್ಣನಿಗೂ ಕನ್ನರ ಎಂಬ ಹೆಸರುಂಟು. ಬಿರುದು ಸವೆದಿರುವುದರಿಂದ ಇಂಥವನೇ ಎಂದು ಹೇಳುವಂತಿಲ್ಲ. ಹಾಗಾಗಿ ಆರಂಭ 878, ಅಂತ್ಯ 967. ರೈಸ್ ಅವರ ಪ್ರಶ್ನಾರ್ಥಕ ಚಿಹ್ನೆ ಈಗ ಎರಡು ಅಂಕಿಗಳ ನಡುವಿನ ಅಂತರವಾಗಿ ಉಳಿಯಿತು. ಅಂತ್ಯ 1336ಕ್ಕಿಂತ ಕಡಿಮೆ ಇದ್ದರೆ ಖಂಡಿತ ಹಿಂದಿನದು. ಆರಂಭವೇ 1336 ದಾಟಿದ್ದರೆ ಖಂಡಿತ ಮುಂದಿನದು. ಮಧ್ಯೆ ಸಿಕ್ಕಿಕೊಂಡವು ಅನುಮಾನದವು. ಒಂದು ಎಣಿಕೆಯ ಬದಲು ಮೂರು ಎಣಿಕೆ.

ಸಂವತ್ಸರದ ಕಾಲಂ ಒಂದು ಒಳ್ಳೆಯ ಕಾವಲು. ಕಳೆದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಬೇಲೂರು ಚೆನ್ನಕೇಶವ ಪ್ರತಿಷ್ಠೆಯ ಶಕ 1039: 12 ಕೂಡಿಸಿದರೆ 1051, ಶೇಷ 31, ಹೇಮಲಂಬಿ. ಶಾಸನವೂ ಹಾಗೇ ಹೇಳುತ್ತದೆ. ಜೈನ–ವೈಷ್ಣವ ವ್ಯಾಜ್ಯ ತೀರಿಸಿದ ಬುಕ್ಕರಾಯನ ಶ್ರವಣಬೆಳಗೊಳದ ಶಾಸನ ಶಕ 1290: ಕೂಡಿಸಿದರೆ 1302, ಶೇಷ 42, ಕೀಲಕ. ಸರಿ. ಎರಡೂ ಅಂಕಿಯ ಕಾಲಂಗಳಾಗಿದ್ದರೆ ಈ ತಾಳೆಯನ್ನು ಇಡೀ ಪಟ್ಟಿಗೆ ಒಂದೇ ಕ್ವೆರಿಯಲ್ಲಿ ಮಾಡಬಹುದು. ನನ್ನ ಪಟ್ಟಿಯಲ್ಲಿ ತಾಳೆಯಾಗದೆ ಬಂದ ಸಾಲುಗಳಲ್ಲಿ ಕೆಲವು ನನ್ನ ಟೈಪಿಂಗ್ ತಪ್ಪು. ಕೆಲವು ಒಂದೇ ಒಂದು ವರ್ಷ ಆಚೀಚೆ. ಅವು ತಪ್ಪಲ್ಲ, ಶಾಸನ ಕಳೆದ ವರ್ಷವನ್ನು ಹೇಳದೆ ನಡೆಯುತ್ತಿರುವ ವರ್ಷವನ್ನು ಹೇಳಿದಾಗ ಹಾಗಾಗುತ್ತದೆ. ಅಂಥ ಕಡೆ ಕೂಡಿಸಬೇಕಾದ್ದು 78 ಅಲ್ಲ, 77. ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಿಥಿಗಳಾದರೆ ಇಸವಿ ಇನ್ನೊಂದು ಮುಂದಕ್ಕೆ ಹೋಗುತ್ತದೆ.

ಪೂರ್ತಿ ತಾರೀಖು ಸಿಕ್ಕ ಶಾಸನಗಳಿಗೂ ಡೇಟಾಬೇಸಿನ ದಿನಾಂಕದ ಟೈಪನ್ನು ನಾನು ಬಳಸುವುದಿಲ್ಲ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಿಂದ ನಾವು ತೆಗೆಯುವ ಹಳೆಯ ತಾರೀಖುಗಳು ಜೂಲಿಯನ್ ಪಂಚಾಂಗದವು. ಪೋಸ್ಟ್‌ಗ್ರೆಸ್‌ನಂಥವು ಎಷ್ಟೇ ಹಿಂದಕ್ಕೆ ಹೋದರೂ ಗ್ರೆಗೋರಿಯನ್ ಲೆಕ್ಕವನ್ನೇ ಹಿಡಿಯುತ್ತವೆ. 12ನೆಯ ಶತಮಾನದಲ್ಲಿ ಎರಡಕ್ಕೂ ಇರುವ ಅಂತರ 7 ದಿನ. ಒಂದು ವಾರ ಪೂರ್ತಿ ಆಗುವುದರಿಂದ ವಾರದ ಹೆಸರು ಸರಿಯಾಗಿಯೇ ಬಂದು ನಮ್ಮನ್ನು ನಂಬಿಸುತ್ತದೆ. 14ನೆಯ ಶತಮಾನಕ್ಕೆ ಅಂತರ 8 ದಿನ. ಆಗ ಶುಕ್ರವಾರ ಅಂತ ಕಲ್ಲು ಹೇಳಿದರೆ ಯಂತ್ರ ಗುರುವಾರ ಅನ್ನುತ್ತದೆ. ತಪ್ಪು ಕಲ್ಲಿನದೆಂದು ಬರೆಯುವ ಮೊದಲು ಇದನ್ನು ನೆನೆಯಬೇಕು.

ತಪ್ಪು ಯಾರ ಮೇಲೆ ಬಿತ್ತು?

ಹೊಸ ಕಾಲಂಗಳೊಂದಿಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ವಿಜಯನಗರ ಕಾಲದ ಏರಿಕೆ ಕರಗಿಹೋಯಿತು. ಎರಡು ಪುಟ ಹರಿದು ಹಾಕಿದೆ. ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಕೆಲವು ತಿಂಗಳ ಹಿಂದೆ ಇದೇ ಪಟ್ಟಿಯಿಂದ, ಶಕ 922ಕ್ಕಿಂತ ಹಿಂದಿನ, ಅಂದರೆ ಸಾವಿರ ಇಸವಿಗೂ ಮೊದಲಿನ ಕಲ್ಲುಗಳನ್ನು ತೆಗೆದು, ಕೆರೆ ಏರಿ ದುರಸ್ತಿಗೆ ಮೊದಲು ಇವನ್ನು ಜೋಪಾನ ಮಾಡಿ ಎಂದು ಊರಿನವರಿಗೆ ಕೊಟ್ಟಿದ್ದೆ. ಮೇಷ್ಟ್ರ ಕಲ್ಲು ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೇ ಇರಲಿಲ್ಲ.

ತಪ್ಪು ಎಲ್ಲ ಕಲ್ಲುಗಳ ಮೇಲೆ ಸಮನಾಗಿ ಬಿದ್ದಿರಲಿಲ್ಲ ಎನ್ನುವುದನ್ನು ಗಮನಿಸಿ. ಶಕವರ್ಷ, ಸಂವತ್ಸರ, ಮಾಸ, ತಿಥಿ ಎಲ್ಲ ಕೊರೆಸಿದ ದೊಡ್ಡ ದಾನಶಾಸನಗಳಿಗೆ ಏನೂ ಆಗಲಿಲ್ಲ. ಅವು ಅಂಕಿಯಾಗಿ ಸುಖವಾಗಿದ್ದವು. ಏಟು ಬಿದ್ದದ್ದು ಇಂಥ ಅರಸ ಆಳುತ್ತಿರಲು ಎಂದಷ್ಟೇ ಹೇಳುವ ಹಳೆಯ ಕಲ್ಲುಗಳಿಗೆ, ಅರ್ಧ ಸಾಲು ಸವೆದ ಕಲ್ಲುಗಳಿಗೆ, ಅಕ್ಷರವೇ ಇಲ್ಲದೆ ಬರೀ ಕುದುರೆ, ಆಕಳು, ಅಪ್ಸರೆಯರ ಮೂರು ಪಟ್ಟಿಕೆ ಹೊತ್ತು ನಿಂತ ಕಲ್ಲುಗಳಿಗೆ. ಹಳೆಯದಾದಷ್ಟೂ, ಬಡವನದಾದಷ್ಟೂ ಪಟ್ಟಿಯಿಂದ ಜಾರುವ ಸಂಭವ ಹೆಚ್ಚು. ಒಂದು ಕಾಲಂಗೆ ಪೂರ್ಣಾಂಕ ಎಂದು ಹೆಸರಿಡುವಾಗ, ಪ್ರತಿ ಕಲ್ಲಿಗೂ ಒಂದು ವರ್ಷವಿದೆ, ಅದು ನನಗೆ ಗೊತ್ತಿದೆ ಎಂದು ನಾನು ಹೇಳಿದಂತಾಗಿತ್ತು. ಎರಡೂ ನಿಜವಲ್ಲ.

ಅದೃಷ್ಟಕ್ಕೆ ಏರಿಯ ಕೆಲಸ ಶುರುವಾಗಿರಲಿಲ್ಲ. ತಿದ್ದಿದ ಪಟ್ಟಿ ತಗೊಂಡು ನಾನೇ ಹೋದೆ. ಊರಿನ ಹುಡುಗರು ಟ್ರ್ಯಾಕ್ಟರ್ ತಂದು ಕಲ್ಲನ್ನು ಬಸವಣ್ಣನ ಗುಡಿ ಪಕ್ಕಕ್ಕೆ ಸಾಗಿಸಿ ನಿಲ್ಲಿಸಿದರು. ಮೇಷ್ಟ್ರು ಕೋಲೂರಿಕೊಂಡು ಬಂದು ನೋಡಿದರು. "ಈಗ ಯಾವ ಮನೇಲಿ ಕೂರಿಸಿದೀಯ ಇವನ್ನ?" ಎಂದು ಕೇಳಿದರು. 878ರಿಂದ 967ರೊಳಗೆ ಸಾರ್, ಆಧಾರ ಅರಸನ ಹೆಸರು ಮತ್ತು ಲಿಪಿ ಎಂದೆ. "ಹಾಂ, ಅಷ್ಟೇ ನಮಗೆ ಗೊತ್ತಿರೋದು" ಎಂದರು.

ನಿಮ್ಮಲ್ಲೂ ಇಂಥ ಪಟ್ಟಿಗಳಿದ್ದರೆ, ಮುಂದಿನ ಲೆಕ್ಕ ಕೇಳುವ ಮೊದಲು ಒಮ್ಮೆ ಕಾಲಂನಲ್ಲಿ ಯಾವ್ಯಾವ ಟೈಪು ಕೂತಿದೆ ಎಂದು ಕೇಳಿ ನೋಡಿ. ಪಠ್ಯವಾಗಿ ಉಳಿದ ಸಾಲುಗಳನ್ನು ಒಂದೊಂದಾಗಿ ಓದಿ. ಅಳಿಸುವ ಮೊದಲು ಓದಿ.